ಹಸಿರು ಬರೆದ ದಿನ

ವಿಜಯಶ್ರೀ ನಮ್ಮ ಓಣಿಗೆ ಬಂದು ಝೆರಾಕ್ಸ್ ಅಂಗಡಿ ಇಟ್ಟಾಗ ನನಗೆ ಆಕೆಯ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಮುದ್ದೇಬಿಹಾಳದ ಹುಡುಗಿ. ಗಂಡ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ನೌಕರ, ಶನಿವಾರದ ಬಸ್ಸಿಗೆ ಬಂದು ಸೋಮವಾರ ನಸುಕಿಗೆ ಹೋಗುತ್ತಾನೆ. ಮೊದಲ ವಾರ ನಾನೇ ಕರೆದು ಎರಡು ಸಲ ಚಹಾ ಕೊಟ್ಟಿದ್ದೇನೆ. ಹೊಟ್ಟೆಕಿಚ್ಚು ಶುರುವಾದದ್ದು ಆಕೆ ಓಣಿಗೆಲ್ಲ ಸೀನಿನ ಸುದ್ದಿ ಹೇಳತೊಡಗಿದ ಮೇಲೆ. ಇಂಡಿ ಪಟ್ಟಣದ ಈ ಓಣಿಯಲ್ಲಿ ಅಲ್ಲಿಯವರೆಗೆ ಆ ಸುದ್ದಿ ಹೇಳುವವಳು ನಾನೊಬ್ಬಳೇ.

ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನಮ್ಮ ಮನೆಗಳ ಹಿಂದೆ ಹೊಸ ಲೇಔಟಿನ ಖಾಲಿ ಪ್ಲಾಟುಗಳಿವೆ. ಮಳೆ ಮುಗಿಯುವ ಹೊತ್ತಿಗೆ ಅಲ್ಲಿ ಕಾಂಗ್ರೆಸ್ ಕಸ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಡುತ್ತದೆ. ಅದರಾಚೆ ಜೋಳದ ಹೊಲಗಳು. ಚಳಿ ಬಿದ್ದ ಮೇಲೆ ಆ ತೆನೆಗಳೂ ಹೂವಾಡುತ್ತವೆ. ಗಣಪತಿ ಹಬ್ಬದಿಂದ ಸಂಕ್ರಾಂತಿಯವರೆಗೆ ಸೀನದ ಮನೆ ಇಲ್ಲಿಲ್ಲ. ಕೆಲವರಿಗೆ ಕಣ್ಣು ತುರಿಕೆ, ಕೆಲವರಿಗೆ ಮೂಗು, ಇನ್ನು ಕೆಲವರಿಗೆ ದಮ್ಮು.

ಇಂಡಿಯಲ್ಲಿ ನಿಂಬೆ ಹೆಚ್ಚಲ್ಲವೇ, ಸೀನು ಬಂದರೆ ಜನ ನಿಂಬೆಯ ಹೂವನ್ನೇ ಬೈಯುತ್ತಿದ್ದರು. ನಮ್ಮ ಯಜಮಾನರು ಶಂಕರೆಪ್ಪನವರದು ಎರಡು ಎಕರೆ ನಿಂಬೆ ತೋಟ, ಹಾಗಾಗಿ ಅವರಿಗೂ ಬೈಗುಳದಲ್ಲಿ ಪಾಲು ಸಿಗುತ್ತಿತ್ತು. ನಾನು ಇಪ್ಪತ್ತೇಳು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನಿಂಬೆಯ ಪರಾಗ ಅಂಟು, ಅದು ಜೇನುಹುಳದ ಕಾಲಿಗೆ ಹತ್ತಿ ಹೋಗುತ್ತದೆಯೇ ಹೊರತು ಗಾಳಿಗೆ ಹಾರಿ ನಿಮ್ಮ ಮೂಗು ಹುಡುಕಿಕೊಂಡು ಬರುವುದಿಲ್ಲ ಎಂದು ಹೇಳಿ ಹೇಳಿ ಸಾಕಾಯಿತು. ತೋರಿಸಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ.

ಶಾಲೆಯ ಹಳೆಯ ಸಾಮಾನು ಲಿಲಾವಿಗೆ ಬಂದಾಗ ಒಂದು ಸೂಕ್ಷ್ಮದರ್ಶಕ ತಂದೆ. ಸಂಜೆ ಗಾಜಿನ ಪಟ್ಟಿಗೆ ವ್ಯಾಸಲೀನ್ ಸವರಿ ಮಾಳಿಗೆಯ ಮೇಲೆ ಇಡುವುದು, ಬೆಳಿಗ್ಗೆ ಐದೂವರೆಗೆ ಅದನ್ನು ಕೆಳಗೆ ತಂದು ಅಂಟಿದ ಪರಾಗದ ಕಣ ಎಣಿಸುವುದು. ಇಪ್ಪತ್ತರ ಒಳಗಿದ್ದರೆ ಹಸಿರು, ನಲವತ್ತರವರೆಗೆ ಹಳದಿ, ನಲವತ್ತು ದಾಟಿದರೆ ಕೆಂಪು. ಇದು ನನ್ನ ಲೆಕ್ಕ, ಯಾವ ಪುಸ್ತಕದ್ದೂ ಅಲ್ಲ. ಎಣಿಸಿದ ಮೇಲೆ ಆಯಾ ಬಣ್ಣದ ಸೀಮೆಸುಣ್ಣದಿಂದ ಮನೆಯ ಮುಂದಿನ ಹಲಗೆಯ ಮೇಲೆ ಬರೆಯುತ್ತಿದ್ದೆ: ಹಸಿರು, ಕಿಟಕಿ ತೆಗೆಯಿರಿ. ಕೆಂಪು, ಹೊರಗೆ ಬಟ್ಟೆ ಒಣಹಾಕಬೇಡಿ, ದಮ್ಮಿದ್ದವರು ಮನೆಯಲ್ಲಿರಿ.

ಒಂಬತ್ತು ವರ್ಷ ಓಣಿ ನನ್ನ ಹಲಗೆ ನೋಡಿ ಕಿಟಕಿ ತೆಗೆಯಿತು, ಹಾಕಿತು. ಹಾಲಿಗೆ ಹೋಗುವವರು ನಿಂತು ಓದುತ್ತಿದ್ದರು. ಕಟಕ ರೊಟ್ಟಿ ಮಾಡಿ ಮಾರುವ ಸುಂದರವ್ವನಿಗೆ ಓದಲು ಬರುವುದಿಲ್ಲ, ಆದರೆ ಬಣ್ಣ ತಿಳಿಯುತ್ತದೆ. ಆಕೆಗೆ ದಮ್ಮು ಜಾಸ್ತಿ. ದಿನಾ ಹಲಗೆಯ ತನಕ ಬಂದು, "ಇವತ್ತ ಹಳದಿ ಏನ್ರಿ ಅಕ್ಕೋರ, ಹಂಗಾದ್ರ ಮೂಗಿಗಿ ಸೆರಗ ಕಟ್ಗೋತೇನಿ" ಅನ್ನುತ್ತಿದ್ದಳು. ನಿವೃತ್ತಿಯಾದ ಮೇಲೆ ನನ್ನನ್ನು ಅಕ್ಕೋರು ಎಂದು ಕರೆಯಲು ಜನರಿಗೆ ಅದೊಂದೇ ಕಾರಣ ಉಳಿದಿತ್ತು.

ಈ ವರ್ಷ ಆಗಸ್ಟಿನಲ್ಲಿ ವಿಜಯಶ್ರೀ ವಾಟ್ಸಾಪಿನಲ್ಲಿ ಓಣಿಯ ಗ್ರೂಪು ಮಾಡಿದಳು. ಫೋನಿನಲ್ಲಿ ಯಾವುದೋ ಆ್ಯಪು, ಅದು ಗಾಳಿಯಲ್ಲಿ ಇವತ್ತು ಎಷ್ಟು ಪರಾಗ ಎಂದು ಹೇಳುತ್ತದಂತೆ. ಆಕೆ ಒಂದು ಸಂಜೆ ಮನೆಗೆ ಬಂದಳು.

"ಅಕ್ಕೋರ, ನಿಮ್ಮನ್ನ ಗ್ರೂಪಿಗಿ ಸೇರಸ್ಲೇನ್ರಿ? ನಾ ಒಂದು ವಿಚಾರ ಮಾಡೇನಿ..."

"ನನಗ ಫೋನಿನ ವಿದ್ಯಾ ಬ್ಯಾಡವಾ," ಅಂದೆ. "ನೀ ನಿನ್ನ ವಿಚಾರ ಮಾಡ್ಕೋ, ನಾ ನನ್ನ ಹಲಗಿ ಬರ್ಕೋತೇನಿ."

ಆಕೆಯ ಮುಖ ಸಣ್ಣದಾಯಿತು. ನನಗೆ ಸಮಾಧಾನವಾಯಿತು. ಅವತ್ತೇ ಯಜಮಾನರಿಗೂ ಕಟ್ಟುನಿಟ್ಟಾಗಿ ಹೇಳಿಬಿಟ್ಟೆ, ಆ ಗ್ರೂಪಿನ ಸುದ್ದಿ ಈ ಮನೆಯೊಳಗೆ ತೆಗೆಯಬಾರದು ಎಂದು. ಅವರು ಅಡಕೆ ಬಾಯಿಗೆ ಹಾಕಿಕೊಂಡು ಹೂಂ ಅಂದರು.

ಒಂದು ತಿಂಗಳು ಕಳೆಯುವುದರೊಳಗೆ ಹಲಗೆಯ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಮೊದಲು ಹಾಲಿಗೆ ಹೋಗುವವರು ನಿಲ್ಲುವುದು ತಪ್ಪಿತು, ಆಮೇಲೆ ಟೆಂಪೋ ಓಡಿಸುವ ಫಕ್ರುದ್ದೀನ. ಕೊನೆಗೆ ಸುಂದರವ್ವನೂ ಬರಲಿಲ್ಲ. ಅಂಗಡಿಯ ಹತ್ತಿರ ಸಿಕ್ಕಾಗ ಕೇಳಿದೆ.

"ಈಗ ಫೋನಿನ್ಯಾಗ ಬರತೈತಲ್ರಿ. ನಮ್ಮ ಸಾಕ್ಷಿ ಓದಿ ಹೇಳ್ತಾಳ. ನಿಮ್ಮ ಹಲಗಿ ತನಕ ನಡಿಯೂದು ತಪ್ಪಿತು ನೋಡ್ರಿ," ಅಂದಳು. ಸಾಕ್ಷಿ ಆಕೆಯ ಮೊಮ್ಮಗಳು, ಏಳನೆಯ ತರಗತಿ. ಸುಂದರವ್ವ ಇದನ್ನು ನಗುತ್ತ ಹೇಳಿದಳು. ಒಂಬತ್ತು ವರ್ಷದ ನಡಿಗೆ ತಪ್ಪಿದ್ದು ಆಕೆಗೆ ಅಷ್ಟು ಸಂತೋಷವೇ ಎಂದು ನನ್ನ ಮೈ ಉರಿಯಿತು.

ಆಮೇಲೆ ವಿಜಯಶ್ರೀ ಏನು ಮಾಡಿದರೂ ನನಗೆ ಆಗದು. ಆಕೆಯ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರೆ ಆಗದು, ಆಕೆ ಬೆಳಿಗ್ಗೆ ಹಾಲು ತರಲು ನಮ್ಮ ಮನೆಯ ಮುಂದಿನಿಂದಲೇ ಹೋದರೆ ಆಗದು. ಹೋಗುವಾಗ "ಶರಣ್ರಿ ಅಕ್ಕೋರ" ಅನ್ನುತ್ತಿದ್ದಳು, ಅದಂತೂ ಕಿವಿಗೆ ಕಾದ ಎಣ್ಣೆ ಬಿದ್ದಂತೆ ಆಗುತ್ತಿತ್ತು. ಆಕೆಯ ವಯಸ್ಸು ಮೂವತ್ತು. ನನಗೆ ಅರವತ್ತೇಳು. ನಾನು ದಿನಾ ಐದೂವರೆಗೆ ಎದ್ದು ಕಣ್ಣು ನೋಯಿಸಿಕೊಂಡು ಎಣಿಸಿದ್ದನ್ನು ಆಕೆ ಬೆರಳಿನಿಂದ ಒತ್ತಿ ಮುಗಿಸಿಬಿಡುತ್ತಾಳಲ್ಲ ಎಂಬುದೇ ನನ್ನ ಸಂಕಟ.

ದಸರೆಯ ಹೊತ್ತಿಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಗ್ರೂಪಿನ ಬಣ್ಣ ದಿನಾ ನನ್ನ ಬಣ್ಣವೇ. ಓಣಿಯಲ್ಲಿ ಹೋಗುವಾಗ ಬರುವಾಗ ಕಿವಿಗೆ ಬೀಳುತ್ತಿತ್ತು: ಇವತ್ತು ಗ್ರೂಪಿನಲ್ಲಿ ಕೆಂಪು, ಇವತ್ತು ಹಳದಿ. ನನ್ನ ಹಲಗೆಯಲ್ಲೂ ಅದೇ. ಒಂದು ದಿನ ಆಗಬಹುದು, ಎರಡು ದಿನ ಆಗಬಹುದು, ಹದಿನಾಲ್ಕು ದಿನ ಆಗುತ್ತದೆಯೇ? ನಮ್ಮ ಪ್ಲಾಟಿನ ಕಸ ಯಾವಾಗ ಹೂಬಿಟ್ಟಿತು ಎಂದು ಆ ಆ್ಯಪಿಗೆ ಯಾರು ಹೇಳಿದರು? ಹುಡುಗಿ ಬೆಳಿಗ್ಗೆ ಹಾಲಿನ ನೆಪದಲ್ಲಿ ಬಂದು ಹಲಗೆ ನೋಡಿ ಕದಿಯುತ್ತಾಳೆ ಎಂದು ಖಾತ್ರಿಯಾಯಿತು. ನನ್ನ ಸೊತ್ತನ್ನು ತನ್ನದೆಂದು ಹಂಚಿ ಶಾಬಾಸ್ ಅನ್ನಿಸಿಕೊಳ್ಳುತ್ತಿದ್ದಾಳೆ. ಕದ್ದದ್ದು ರುಜುವಾತು ಆಗಬೇಕು, ಅದೂ ನಾಲ್ಕು ಜನರ ಎದುರಿಗೆ.

ಅಕ್ಟೋಬರಿನ ಒಂದು ಗುರುವಾರ. ರಾತ್ರಿ ಪ್ಲಾಟಿನ ಕಡೆಯಿಂದಲೇ ಗಾಳಿ ಬೀಸಿತ್ತು. ಗಾಜಿನ ಮೇಲೆ ಅರವತ್ತೆರಡು ಕಣ. ಕಣ್ಣುಮುಚ್ಚಿ ಕೆಂಪು ಬರೆಯುವ ದಿನ. ನಾನು ಹಸಿರು ಸೀಮೆಸುಣ್ಣ ತೆಗೆದುಕೊಂಡು ದೊಡ್ಡದಾಗಿ ಬರೆದೆ: ಇವತ್ತು ಹಸಿರು.

ಆಕೆ ಇದನ್ನೇ ಹಾಕಲಿ, ಎಂಟು ಗಂಟೆಗೆ ಅಂಗಡಿಯ ಮುಂದೆ ಹೋಗಿ ಹಿಡಿಯುತ್ತೇನೆ, ಕೂಡಲೇ ಬಂದು ಹಲಗೆ ತಿದ್ದುತ್ತೇನೆ ಎಂಬುದು ನನ್ನ ಹಂಚಿಕೆ. ಎರಡು ತಾಸಿನಲ್ಲಿ ಯಾರೂ ಸಾಯುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜ, ಈಗ ಇಲ್ಲ ಅನ್ನಲಾರೆ.

ಆರೂವರೆಗೆ ಯಜಮಾನರು, "ಕುಡಗೋಲ ಎಲ್ಲೈತಿ?" ಎಂದು ಕೇಳಿದರು. ಬಚ್ಚಲ ಹಿಂದೆ ಎಂದೆ. ಯಾಕೆ ಎಂದು ಕೇಳಲಿಲ್ಲ. ನನ್ನ ತಲೆಯಲ್ಲಿ ಆಡಬೇಕಾದ ಮಾತುಗಳೇ ತುಂಬಿದ್ದವು. ಜಗಳಕ್ಕೆಂದೇ ಇಸ್ತ್ರಿ ಮಾಡಿದ ಇಲಕಲ್ ಸೀರೆ ಉಟ್ಟೆ.

ಎಂಟಕ್ಕೆ ಹೋದರೆ ಅಂಗಡಿಯ ಬಾಗಿಲು ಹಾಕಿತ್ತು. ಫಕ್ರುದ್ದೀನ ಕಟ್ಟೆಯ ಮೇಲೆ ಆಧಾರ್ ಕಾರ್ಡು ಹಿಡಿದು ಕೂತಿದ್ದ.

"ಎಲ್ಲಿ ಆಕಿ?" ಅಂದೆ.

"ಎಲ್ಲಾರೂ ಹಿಂದಿನ ಪ್ಲಾಟಿಗಿ ಹೋಗ್ಯಾರ್ರಿ ಅಕ್ಕೋರ. ಕಸ ಕೀಳಾಕತ್ತಾರ. ನಂದು ಸೊಂಟ ಹಿಡಕೊಂಡೈತಿ, ಅದಕ ಹೋಗಿಲ್ಲ."

"ಇವತ್ತ ಯಾರು ಕೀಳು ಅಂದ್ರು?"

"ನೀವ ಅಲ್ರಿ ಮತ್ತ," ಎಂದು ಆತ ಫೋನು ತೆಗೆದು ನನ್ನ ಮುಂದೆ ಹಿಡಿದ. ನಾನು ಕನ್ನಡಕ ಸರಿಮಾಡಿಕೊಂಡು ಓದಿದೆ. 'ಇವತ್ತು ಹಸಿರು. ವಿದ್ಯಾವತಿ ಅಕ್ಕೋರ ಹಲಗೆಯಿಂದ. ಮಾತಾಡಿಕೊಂಡ ಹಾಗೆ ಮೊದಲ ಹಸಿರು ದಿನ ಬಂದಿದೆ, ಏಳು ಗಂಟೆಗೆ ಎಲ್ಲರೂ ಕಸ ಕೀಳಲು ಬರ್ರಿ.'

ಬೆರಳಿನಿಂದ ಮೇಲೆ ಸರಿಸಿದೆ. ಬುಧವಾರ: ಕೆಂಪು, ವಿದ್ಯಾವತಿ ಅಕ್ಕೋರ ಹಲಗೆಯಿಂದ. ಮಂಗಳವಾರ: ಹಳದಿ, ವಿದ್ಯಾವತಿ ಅಕ್ಕೋರ ಹಲಗೆಯಿಂದ. ಸರಿಸಿದಷ್ಟೂ ನನ್ನ ಹೆಸರೇ. ಎರಡು ತಿಂಗಳು ನಾನು ಹೊಟ್ಟೆ ಉರಿಸಿಕೊಂಡದ್ದು ನನ್ನ ಹೆಸರಿನ ಮೇಲೆಯೇ.

ಅಲ್ಲಿ ನಿಂತು ಅದನ್ನೆಲ್ಲ ಯೋಚಿಸುವ ಪುರಸೊತ್ತು ಇರಲಿಲ್ಲ. ಹೂಬಿಟ್ಟ ಕಸದ ನಡುವೆ ಓಣಿಯ ಜನ ಒಂದು ತಾಸಿನಿಂದ ನಿಂತಿದ್ದರು. ಸೀರೆ ಎತ್ತಿ ಕಟ್ಟಿ ಓಡಿದೆ. ಪ್ಲಾಟಿನಲ್ಲಿ ಹದಿನೈದಿಪ್ಪತ್ತು ಜನ, ಅವರಲ್ಲಿ ಕುಡಗೋಲು ಹಿಡಿದ ನಮ್ಮ ಯಜಮಾನರೂ ಇದ್ದರು. ಕಿತ್ತ ಕಸ ಗುಡ್ಡೆ ಬಿದ್ದಿತ್ತು, ಬಿಳಿಯ ಪುಡಿ ಬಿಸಿಲಲ್ಲಿ ಕಣ್ಣಿಗೇ ಕಾಣುತ್ತಿತ್ತು.

"ಎಲ್ಲಾರೂ ಹೊರಗ ಬರ್ರಿ. ಇವತ್ತ ಕೆಂಪು ಐತಿ, ಹಸಿರಲ್ಲ," ಎಂದು ಕೂಗಿದೆ.

ಸುಂದರವ್ವ ಆಗಲೇ ನೆಲಕ್ಕೆ ಕೂತಿದ್ದಳು. ಎದೆ ಸೊಂಯ್ ಸೊಂಯ್ ಅನ್ನುತ್ತಿತ್ತು, ತುಟಿ ನೀಲಿಗಟ್ಟಿತ್ತು. ಆಕೆಯ ಮಗ ಚಂದ್ರಾಮ ಗೌಂಡಿ ಕೆಲಸದವನು, ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಫಕ್ರುದ್ದೀನನ ಟೆಂಪೋದಲ್ಲಿ ದವಾಖಾನೆಗೆ ಒಯ್ದರು. ನಾನು ಮನೆಗೆ ಬಂದು ಹಲಗೆ ಒರೆಸಿ ಕೆಂಪು ಬರೆದೆ. ಆ ಹೊತ್ತಿಗೆ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ.

ಮಧ್ಯಾಹ್ನದವರೆಗೆ ಮೂಗಿಗೆ ಮಷಿನ್ ಹಚ್ಚಿದ ಮೇಲೆ ಸುಂದರವ್ವನ ಉಸಿರು ಹದಕ್ಕೆ ಬಂತು. ಒಂದು ದಿನ ಇಟ್ಟುಕೊಂಡು ಕಳಿಸುತ್ತೇವೆ ಎಂದರಂತೆ. ನಾನು ಬೆಳಗಿನಿಂದ ನೀರೂ ಕುಡಿದಿರಲಿಲ್ಲ.

"ಹೆಸರ ಹಾಕಿ ಕಳಸ್ತಾಳಂತ ನನಗ ಯಾಕ ಹೇಳಿಲ್ಲ?" ಎಂದು ಯಜಮಾನರ ಮೇಲೆ ಹಾಯ್ದೆ.

"ಆ ಗ್ರೂಪಿನ ಸುದ್ದಿ ಮನ್ಯಾಗ ತಗೀಬ್ಯಾಡ್ರಿ ಅಂತ ನೀನ ಹೇಳಿದ್ದಿ," ಅಂದರು. ಆಮೇಲೆ ಅವರೇ ಫೋನು ನೋಡುತ್ತ, "ಪಾಪ, ಆ ಹುಡುಗಿ ತಪ್ಪ ತನ್ನದು ಅಂತ ಬರದಾಳ ನೋಡು," ಎಂದು ಓದಿದರು. 'ಅಕ್ಕೋರ ಹಲಗೆಯಲ್ಲಿ ಕೆಂಪೇ ಇತ್ತು, ನಾನು ಅವಸರದಲ್ಲಿ ಹಸಿರು ಎಂದು ಹಾಕಿದೆ, ಸುಂದರವ್ವನಿಗೂ ಎಲ್ಲರಿಗೂ ಕ್ಷಮೆ ಕೇಳುತ್ತೇನೆ.'

ಮರುದಿನ ಬೆಳಿಗ್ಗೆ ಹಲಗೆಯ ಮುಂದೆ ಜನವೋ ಜನ. "ಫೋನ್ ನಂಬಿ ಕೆಟ್ಟಿವ್ರಿ ಅಕ್ಕೋರ," ಎಂದು ಫಕ್ರುದ್ದೀನ ಅಂದ. "ನೀವು ಓಡಿ ಬರಲಿಲ್ಲಂದ್ರ ಮುದುಕಿ ಉಳೀತಿರಲಿಲ್ಲ." ಚಂದ್ರಾಮ ಅಂಗಡಿಯ ಮುಂದೆ ನಿಂತು ವಿಜಯಶ್ರೀಗೆ ಬಾಯಿಗೆ ಬಂದ ಹಾಗೆ ಅಂದನಂತೆ. ಗ್ರೂಪು ಬಿಟ್ಟು ಹೋದವರ ಸಂಖ್ಯೆಯನ್ನೂ ಯಾರೋ ಹೇಳಿದರು. ನನಗೆ ಸುಖವಾಯಿತು. ಹೇಳಲು ನಾಚಿಕೆ, ಆದರೆ ಆಯಿತು. ಎರಡು ತಿಂಗಳಿಂದ ನಾನು ಬೇಡಿಕೊಂಡದ್ದೆಲ್ಲ ಒಂದೇ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತಿತ್ತು. ಅರ್ಧ ತಾಸು ಆ ಸುಖ ಇತ್ತು. ಜನ ಚದುರಿದ ಮೇಲೆ, ಆ ಹುಡುಗಿ ನನಗೋಸ್ಕರ ಯಾಕೆ ಬೈಸಿಕೊಂಡಳು ಎಂಬುದು ತಲೆಯಲ್ಲಿ ಕೊರೆಯತೊಡಗಿತು. ಅಂಗಡಿಗೆ ಹೋದೆ.

ಆಕೆ ಯಾರದೋ ಅಂಕಪಟ್ಟಿ ಲ್ಯಾಮಿನೇಶನ್ ಮಾಡುತ್ತಿದ್ದಳು. ಅತ್ತು ಕಣ್ಣು ಬಾತಿದ್ದವು. "ಬರ್ರಿ ಅಕ್ಕೋರ, ಕುಂದರ್ರಿ," ಅಂದಳು.

"ತಪ್ಪು ನಿಂದು ಅಂತ ಯಾಕ ಬರದಿ?"

ಆಕೆ ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ ದನಿ ತಗ್ಗಿಸಿದಳು. "ವಯಸ್ಸಿಗಿ ಕಣ್ಣು ಹಂಗ ಆಗ್ತಾವ್ರಿ. ನಮ್ಮ ಅವ್ವಗೂ ಪೊರಿ ಬಂದೈತಿ. ಒಂದ ದಿನ ನಿಮ್ಮ ಎಣಿಕಿ ತಪ್ಪಿತು, ನಿಮಗ ಗೊತ್ತಾದ ಕೂಡಲೆ ಓಡಿ ಬಂದ್ರಿ. ಅಷ್ಟಕ್ಕ ಮಂದಿ ನಿಮ್ಮ ಹಲಗಿ ಮ್ಯಾಲಿನ ನಂಬಿಕಿ ಬಿಡಬಾರದು. ಆ ಆ್ಯಪ್ ನಮ್ಮೂರಿಂದು ಹೇಳೂದಿಲ್ರಿ, ಎಲ್ಲಿಂದೋ ಹೇಳತೈತಿ. ಮೊದಲನೇ ವಾರನ ನನಗ ತಿಳೀತು. ಅವಾಗಿಂದ ನಿಮ್ಮದ ಕಳಸ್ತೇನಿ. ಅವತ್ತ ನಿಮ್ಮನಿಗಿ ಕೇಳಾಕ ಬಂದಿದ್ದೆ, ನೀವು ಸಿಟ್ಟಿಗೆದ್ರಿ. ಹೆಸರ ಹಾಕಿ ಕಳಸಿದ್ರ ಏನೂ ಅನ್ನಾಂಗಿಲ್ಲ ಅಂತ ತಿಳಕೊಂಡೆ."

ಹೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಕಣ್ಣು ಕಾಣದ ಮುದುಕಿ, ಪಾಪ, ಎಂದು ಆಕೆ ಸುಮ್ಮನಾಗುತ್ತಿದ್ದಳು. ಆ ಪಾಪ ಎಂಬುದು ನನಗೆ ಬೇಡವಾಗಿತ್ತು. ನಾನು ನಿಜ ಹೇಳಿದ್ದು ಧರ್ಮಕ್ಕೆ ಹೆದರಿ ಅಲ್ಲ, ಆ ಹುಡುಗಿಯ ಕನಿಕರ ತಡೆಯಲಾರದೆ.

"ನನ್ನ ಕಣ್ಣಿಗಿ ಏನೂ ಆಗಿಲ್ಲ," ಅಂದೆ. "ಅವತ್ತ ಅರವತ್ತೆರಡು ಇದ್ದೂವು. ಗೊತ್ತಿದ್ದ ಹಸಿರು ಬರದೆ."

"ಯಾಕ್ರೀ?"

"ನೀ ಕದೀತಿ ಅಂತ ಹಿಡಿಯಾಕ. ಹೊಟ್ಟಿಕಿಚ್ಚಿಗಿ."

ಲ್ಯಾಮಿನೇಶನ್ ಯಂತ್ರದಿಂದ ಅಂಕಪಟ್ಟಿ ಹೊರಗೆ ಬಂದು ನೆಲಕ್ಕೆ ಬಿತ್ತು. ಆಕೆ ಅದನ್ನು ಎತ್ತಿ ಒರೆಸಿ ಮೇಜಿನ ಮೇಲೆ ಇಟ್ಟಳು.

"ನನ್ನ ಮುಂದ ಹೇಳಿದ್ರ ಏನ್ ಬಂತ್ರಿ," ಅಂದಳು. "ದಮ್ಮ ಹತ್ತಿದ್ದು ಸುಂದರವ್ವಗ."

ಸುಂದರವ್ವ ದವಾಖಾನೆಯಿಂದ ಮನೆಗೆ ಬಂದ ದಿನ ಹೋದೆ. ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಸಾಕ್ಷಿ. ಚಂದ್ರಾಮ ನನಗೆ ಚಾಪೆ ಹಾಸಿ, ಅಕ್ಕೋರಿಗೆ ಚಹಾ ಇಡು ಎಂದು ಮಗಳಿಗೆ ಹೇಳಿದ. ಚಹಾ ಬೇಡ ಎಂದು ನಿಂತುಕೊಂಡೇ ಎಲ್ಲ ಹೇಳಿದೆ. ಚಂದ್ರಾಮ ಎದ್ದು ಹೊರಗೆ ಹೋದ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ ಎಂದು ಆಗಲೇ ನನಗೆ ತಿಳಿಯಿತು. ಗೊತ್ತೂ ಆಯಿತು.

ಸುಂದರವ್ವ ಬೈಯಲಿಲ್ಲ, ಅಳಲೂ ಇಲ್ಲ. ಉಸಿರು ನಿಲ್ಲಿಸಿ ನಿಲ್ಲಿಸಿ ಮಾತಾಡಿದಳು.

"ನಾ ಓದಾಕ ಬರದಾಕಿ ಅಕ್ಕೋರ. ನೀವು ಬರದದ್ದು ಖರೆ ಅಂತ ಒಂಬತ್ತ ವರ್ಷ ಉಸರಾಡೇನಿ. ಇನ್ನ ಮ್ಯಾಲ ಖರೆನೋ ಸುಳ್ಳೋ ಅಂತ ಯಾರಿಗಿ ಕೇಳ್ಲಿ?"

ತರಗತಿಯಲ್ಲಿ ಯಾವ ಮಗು ಏನು ಕೇಳಿದರೂ ನಾನು ಉತ್ತರಕ್ಕೆ ತಡವರಿಸಿದವಳಲ್ಲ. ಅವತ್ತು ಆಕೆಯೇ ದಾರಿ ಹೇಳಿದಳು.

"ನೀವೂ ನೋಡ್ರಿ, ಆ ಹುಡುಗಿನೂ ನೋಡ್ಲಿ. ಇಬ್ರೂ ಒಂದ ಅಂದ್ರ ನಾ ಕಿಟಕಿ ತಗೀತೇನಿ. ಇಲ್ಲಂದ್ರ ಇಲ್ಲ."

ನಾಲ್ಕು ದಿನ ನಾನು ಹಲಗೆ ಬರೆಯಲಿಲ್ಲ. ಗ್ರೂಪಿನಲ್ಲೂ ಏನೂ ಬರಲಿಲ್ಲವೆಂದು ಯಜಮಾನರು ಹೇಳಿದರು. ಓಣಿಯ ಕಿಟಕಿಗಳೆಲ್ಲ ಹಗಲೂ ಹಾಕಿಯೇ ಇದ್ದವು. ಐದನೆಯ ದಿನ ಹೋಗಿ ವಿಜಯಶ್ರೀಯನ್ನು ಕರೆದೆ. ಬರಲಾರೆ ಅಂದಾಳು ಎಂದುಕೊಂಡಿದ್ದೆ, ಒಳಗೊಳಗೆ ಅನ್ನಲಿ ಎಂದೂ ಇತ್ತು. ಆಕೆ ಮರುದಿನ ಐದೂವರೆಗೆ ಬಂದಳು. ಶರಣ್ರಿ ಅನ್ನಲಿಲ್ಲ.

ಮೊದಲು ನಾನು ಎಣಿಸಿದೆ. ಮೂವತ್ತೆಂಟು. ಸಂಖ್ಯೆ ಹೇಳದೆ ಕುರ್ಚಿ ಬಿಟ್ಟುಕೊಟ್ಟೆ. ಪರಾಗದ ಕಣ ಯಾವುದು, ಬರೀ ಧೂಳು ಯಾವುದು, ಯಾವ ಮೂಲೆಯಿಂದ ಶುರುಮಾಡಬೇಕು ಎಂದು ಒಂದೇ ಸಲ ಹೇಳಿದೆ. ಆಕೆ ಒಂದು ಕಣ್ಣು ಮುಚ್ಚಿ ಕೂತು ತುಟಿಯಲ್ಲೇ ಎಣಿಸಿದಳು. ನನಗೆ ಹಿಡಿದ ಹೊತ್ತಿನ ಅರ್ಧವೇ ಆಕೆಗೆ ಸಾಕಾಯಿತು.

"ನಲವತ್ತೊಂದು," ಅಂದಳು.

"ಮೂವತ್ತೆಂಟು ಅದಾವು. ಧೂಳನೂ ಎಣಿಸಿದಿ ನೀ."

"ಎಡಗಡೆ ಅಂಚಿಗಿ ಮೂರು ಅದಾವ್ರಿ. ನೋಡ್ರಿ ಬೇಕಾದ್ರ."

ನೋಡಿದೆ. ಎಡ ಅಂಚಿನಲ್ಲಿ ನನಗೆ ಮಂಜು ಮಾತ್ರ ಕಂಡಿತು. ಕನ್ನಡಕ ತೆಗೆದು, ಹಾಕಿ, ಇನ್ನೊಂದು ಕಣ್ಣಿನಿಂದ ನೋಡಿದೆ. ಆಗ ಬಂದವು, ಒಂದು, ಎರಡು, ಮೂರು. ಮುಳ್ಳು ಮುಳ್ಳಾದ ಗುಂಡು ಕಣಗಳು, ಧೂಳಲ್ಲವೇ ಅಲ್ಲ. ಎಷ್ಟು ದಿನದಿಂದ ನನಗೆ ಆ ಅಂಚು ಕಾಣುತ್ತಿಲ್ಲವೋ, ಎಷ್ಟು ಕೆಂಪು ದಿನಗಳನ್ನು ನಾನು ಪ್ರಾಮಾಣಿಕವಾಗಿಯೇ ಹಳದಿ ಬರೆದೆನೋ, ಅದನ್ನು ಈಗ ಎಣಿಸಲು ಬರುವುದಿಲ್ಲ.

ಹೊರಗೆ ಹೋಗಿ ಕೆಂಪು ಬರೆದೆ. ವಿಜಯಶ್ರೀ ಫೋನು ತೆಗೆದಳು, ಆದರೆ ಒತ್ತದೆ ನಿಂತಳು.

"ಯಾರ ಹೆಸರ ಹಾಕ್ಲಿ?"

"ಬರೋಬರಿ ಎಣಿಸಿದಾಕಿ ಹೆಸರ ಹಾಕು," ಅಂದೆ.

ಆಕೆ ಹಾಕಿದಳು. ಒಂದು ಮಾತಿಗಾದರೂ ಬೇಡ್ರಿ ಅನ್ನಲಿಲ್ಲ. ಅವತ್ತು ಇಡೀ ದಿನ ನನಗೆ ಊಟ ಸೇರಲಿಲ್ಲ.